ತಾವರೆಯೋ ಪೇರಳೆಯೋ

ನಮ್ಮ ಮನೆಯ ಬಡಗು ಕೋಣೆಯ ಗೋಡೆಗೆ ಬಣ್ಣ ಬಳಿಸಬೇಕೆಂದು ಕಳೆದ ಮಳೆಗಾಲದ ಕೊನೆಯಲ್ಲಿ ನಿಶ್ಚಯಿಸಿದಾಗ, ಅದು ಒಂದು ವಾರದಲ್ಲಿ ಮುಗಿಯುವ ಕೆಲಸವೆಂದೇ ನಾನು ಎಣಿಸಿದ್ದೆ. ಬಣ್ಣ ಯಾವುದೆಂಬ ಪ್ರಶ್ನೆಯೇ ಇರಲಿಲ್ಲ. ಆ ಕೋಣೆ ನಾನು ಹುಟ್ಟುವ ಮೊದಲಿನಿಂದಲೂ ಗುಲಾಬಿ ಬಣ್ಣದ್ದು. ಇನ್ನು ಮುಂದೆಯೂ ಹಾಗೆಯೇ ಇರತಕ್ಕದ್ದು. ಅಂಗಡಿಯಿಂದ ಶೇಡ್ ಕಾರ್ಡ್ ತಂದು ಊಟದ ಮೇಜಿನ ಮೇಲೆ ಹರಡಿದ ಮೇಲೆಯೇ ಗುಲಾಬಿ ಎಂಬುದು ಒಂದು ಬಣ್ಣವಲ್ಲ, ಒಂದು ದೊಡ್ಡ ಕುಟುಂಬ ಎಂಬುದು ತಿಳಿದುಬಂದದ್ದು. ಹತ್ತಾರು ಮನೆಗಳನ್ನು ದಾಟಿ, ಹಲವನ್ನು ಬಿಟ್ಟು, ಕೊನೆಗೆ ಎರಡು ಉಳಿದವು. ಆ ಎರಡರ ನಡುವೆ ಒಂದನ್ನು ಆರಿಸುವುದಕ್ಕೆ ನಮಗೆ ಎರಡು ತಿಂಗಳಿಗೂ ಮಿಕ್ಕಿ ಕಾಲ ಹಿಡಿಯಿತು.

ಮನೆಯ ಬಗೆಗೆ ಒಂದೆರಡು ಮಾತು ಹೇಳಬೇಕು. ನನ್ನ ಅಜ್ಜ ಇದನ್ನು 1954ರಲ್ಲಿ ಮುರಕಲ್ಲಿನಿಂದ ಕಟ್ಟಿಸಿದರು. ಆಗ ನಮ್ಮೂರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮನೆ ಇದ್ದಲ್ಲಿಯೇ ಇದ್ದು, ರಾಜ್ಯ ಮಾತ್ರ ಬದಲಾಯಿತು. ಕಾಸರಗೋಡಿನ ಹಳೆಯ ಮನೆಗಳೆಲ್ಲವುಗಳ ಕಥೆಯೂ ಇದೇ ಆದುದರಿಂದ ಇದರಲ್ಲಿ ವಿಶೇಷವೇನೂ ಇಲ್ಲ. ಬಡಗು ಕೋಣೆಯ ಕಿಟಕಿ ಅಡಿಕೆ ತೋಟಕ್ಕೆ ತೆರೆಯುತ್ತದೆ. ನೆಲಕ್ಕೆ ಕಾವಿ ಬಣ್ಣದ ಗಾರೆ. 1968ರಲ್ಲಿ ಮದುವೆಯಾಗಿ ಈ ಮನೆಗೆ ಬಂದ ಅಮ್ಮ ಇಂದಿಗೂ ಮಲಗುವುದು ಅದೇ ಕೋಣೆಯಲ್ಲಿ. ಅಪ್ಪ ತೀರಿಕೊಂಡು ಒಂಬತ್ತು ವರ್ಷಗಳಾದವು.

ಉಳಿದ ಆ ಎರಡು ಬಣ್ಣಗಳಿಗೆ ಕಾರ್ಡಿನಲ್ಲಿ ಒಂದೊಂದು ಸಂಖ್ಯೆಯೂ ಉದ್ದುದ್ದವಾದ ಇಂಗ್ಲಿಷ್ ಹೆಸರೂ ಇದ್ದವು. ಆ ಹೆಸರುಗಳಿಂದ ಅಮ್ಮನಿಗಾಗಲಿ ನನಗಾಗಲಿ ಏನೂ ಹೊಳೆಯಲಿಲ್ಲ. ಅಮ್ಮ ಎರಡನ್ನೂ ಕಿಟಕಿಯ ಬಳಿಗೆ ಒಯ್ದು, ಕಾರ್ಡನ್ನು ಒಮ್ಮೆ ದೂರ ಹಿಡಿದು ಒಮ್ಮೆ ಹತ್ತಿರ ಹಿಡಿದು ನೋಡಿ, “ಇದು ತಾವರೆ, ಇದು ಪೇರಳೆ” ಎಂದಳು. ಆ ಕ್ಷಣದಿಂದ ಅವುಗಳ ಹೆಸರು ಅದೇ ಆಯಿತು. ಮೊದಲನೆಯದರಲ್ಲಿ ಕಂಡೂ ಕಾಣದಷ್ಟು ನೀಲಿಯ ಛಾಯೆಯಿತ್ತು, ಅರಳಿದ ತಾವರೆಯ ಎಸಳ ತುದಿಯಲ್ಲಿ ಇರುವಂತೆ. ಎರಡನೆಯದರಲ್ಲಿ ಹಳದಿಯ ಎಳೆಯೊಂದು ಬೆರೆತಿತ್ತು, ಕೆಂಪು ಪೇರಳೆಯನ್ನು ಸೀಳಿದಾಗ ಕಾಣುವ ತಿರುಳಿನಂತೆ.

ಬಣ್ಣದ ಕೆಲಸಕ್ಕೆ ಬಂದವರು ಚಂದ್ರಗಿರಿ ಹೊಳೆಯ ಆಚೆ ದಡದವರು. ಅವರ ಮನೆಮಾತು ಮಲಯಾಳ. ಅವರ ಬಾಯಲ್ಲಿ ಎರಡೂ ‘ರೋಸ್’. ಅಮ್ಮ ‘ತಾವರೆ’ ಎಂದು ತೋರಿಸಿದ ಕೂಡಲೇ ಅವರು ನಕ್ಕು, “ಹಾಗಾದರೆ ಚೆಂತಾಮರ ಅನ್ನಿ ಮಾಷೇ” ಎಂದರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತನ್ನು ನೆನಪಿಸದೆ ಮುಂದೆ ಹೋಗುವುದು ಅಧ್ಯಾಪಕನಾದ ನನಗೆ ಕಷ್ಟ. ನಮ್ಮ ‘ಕೆಂದಾವರೆ’, ಅವರ ‘ಚೆಂತಾಮರ’ ಎರಡೂ ಒಂದೇ ಬೇರಿನ ಹೂಗಳು. ತಾಲವ್ಯ ಸ್ವರದ ಮುಂದೆ ಕನ್ನಡವು ಉಳಿಸಿಕೊಂಡ ಕಕಾರವು ಮಲಯಾಳದಲ್ಲಿ ಚಕಾರವಾಗಿದೆ: ನಮ್ಮ ಕಿವಿ ಅವರ ಚೆವಿ, ನಮ್ಮ ಕೆರೆ ಅವರ ಚಿರ. ತಿಳಿಯಾದ ಬಣ್ಣಕ್ಕೆ ಅವರು ಮುಂದೆ ಸೇರಿಸುವ ‘ಇಳಂ’ ಎಂಬುದು ನಮ್ಮ ‘ಎಳೆ’ಯೇ; ಅವರ ‘ಇಲ’ ನಮ್ಮಲ್ಲಿ ‘ಎಲೆ’ಯಾದಂತೆ. ತರಗತಿಯಲ್ಲಿ ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದ ಈ ಜೋಡಿಗಳು, ಬಣ್ಣದ ಡಬ್ಬಿಯ ಎದುರು ಇಬ್ಬರು ಒಬ್ಬರಿಗೊಬ್ಬರು ಅರ್ಥವಾಗಲು ನೆರವಾದುದನ್ನು ನಾನು ಕಂಡದ್ದು ಅಂದೇ.

ಆ ರಾತ್ರಿ ನಿಘಂಟನ್ನು ತೆರೆದು ಕುಳಿತೆ. ನಾವು ಅಚ್ಚಗನ್ನಡವೆಂಬಂತೆ ಆಡುವ ‘ಗುಲಾಬಿ’ ಪಾರಸಿಯಿಂದ ಬಂದದ್ದು. ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ಸಂಸ್ಕೃತದ ‘ಪಾಟಲ’ ನಾವು ಪಾದರಿ ಎನ್ನುವ ಮರದ ಹೆಸರೂ ಹೌದು. ಬಿಳಿ ಬೆರೆತ ಕೆಂಪೇ ಪಾಟಲವೆಂದು ಅಮರಕೋಶ ಅರ್ಥ ಹೇಳುತ್ತದೆ. ಇಂಗ್ಲಿಷಿನ ‘ಪಿಂಕ್’ ಕೂಡ ಮೊದಲು ಒಂದು ಹೂವಿನ ಹೆಸರಾಗಿದ್ದು ಆಮೇಲೆ ಬಣ್ಣದ ಹೆಸರಾಯಿತು. ಇವೆಲ್ಲವೂ ಹೂವಿನ ಆಸರೆಯಲ್ಲಿ ನಿಂತ ಹೆಸರುಗಳು. ಕನ್ನಡವು ತನ್ನದೇ ಬಲದಿಂದ ಕಟ್ಟಿಕೊಂಡದ್ದು ‘ನಸುಗೆಂಪು’. ನಸು ಎಂಬುದಕ್ಕೆ ಕೆಂಪು ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಮಾತು. ಆದರೆ ಎಷ್ಟು ನಸು, ಯಾವ ಕಡೆಗೆ ವಾಲಿದ ನಸು ಎಂಬುದನ್ನು ಆ ಪದ ಹೇಳುವುದಿಲ್ಲ. ಅದನ್ನು ಹೇಳಲು ಅಮ್ಮನ ತಾವರೆಯೂ ಪೇರಳೆಯೂ ಬೇಕಾದವು.

ಕಾರ್ಡಿನ ಚೂರನ್ನು ನೋಡಿ ಬಣ್ಣ ಆರಿಸಬಾರದೆಂದು ಪೇಂಟರ್ ಎಚ್ಚರಿಸಿದರು. ಚೂರಿನಲ್ಲಿ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆಗಳ ಮೇಲೆ ಗಾಢವಾಗುತ್ತದೆ. ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ತಾಗಿ, ಬಣ್ಣವು ತನ್ನ ಮೇಲೆ ತಾನೇ ಬಿದ್ದು ದಟ್ಟವಾಗುತ್ತದೆ. ಆದುದರಿಂದ ಅವರು ಎರಡರದೂ ಸಣ್ಣ ಡಬ್ಬಿ ತರಿಸಿ, ಕಿಟಕಿಯಿರುವ ಗೋಡೆಯಲ್ಲೊಂದು, ಅದರ ಎದುರಿನ ಗೋಡೆಯಲ್ಲೊಂದು ಎಂಬಂತೆ ಎರಡೆರಡು ಅಡಿಯ ಚೌಕಗಳನ್ನು ಎರಡು ಕೈ ಬಳಿದರು. ಹಳೆಯ ಬಣ್ಣವು ಕಣ್ಣನ್ನು ಮೋಸಗೊಳಿಸಬಾರದೆಂದು ಸುತ್ತಲೂ ಬಿಳಿಯ ಅಂಚನ್ನೂ ಬಿಟ್ಟರು. “ಒಂದು ದಿನ ಒಣಗಲಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ, ಮೂರು ಹೊತ್ತೂ ನೋಡಿ ಹೇಳಿ” ಎಂದರು.

ಮೂರು ಹೊತ್ತಿಗೂ ಗೋಡೆ ಮೂರು ಬಗೆಯಾಗಿ ಕಂಡಿತು. ಬೆಳಿಗ್ಗೆ ತೋಟದ ಎಲೆಗಳನ್ನು ಸೋಸಿ ಬರುವ ಹಸಿರು ಬೆಳಕಿನಲ್ಲಿ ಎರಡೂ ಮಂಕಾದವು. ಆದರೆ ಕಿಟಕಿಯಾಚೆಯ ಹಸಿರನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ಒಡನೆ ಗೋಡೆಯ ಕಡೆಗೆ ತಿರುಗಿದರೆ ಅವೇ ಹೆಚ್ಚು ಕೆಂಪಾಗಿ ಕಾಣುತ್ತಿದ್ದವು. ಬಣ್ಣವು ತನ್ನ ನೆರೆಯ ಬಣ್ಣದಿಂದ ಬದಲಾಗುವ ಈ ಬಗೆಯನ್ನು ಕುರಿತು, ಪ್ಯಾರಿಸ್ಸಿನ ಗೊಬೆಲ್ಯಾಂ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ 1839ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದಿದ್ದಾನೆ. ಕಪ್ಪು ಬಣ್ಣ ಸರಿಯಾಗಿ ಹಿಡಿಯುತ್ತಿಲ್ಲವೆಂಬ ದೂರನ್ನು ಪರಿಶೀಲಿಸಲು ಹೋಗಿ, ದೋಷ ಬಣ್ಣದಲ್ಲಿಲ್ಲ, ಅದರ ಪಕ್ಕದ ನೂಲಿನಲ್ಲಿದೆ ಎಂದು ಆತ ಕಂಡುಕೊಂಡನಂತೆ. ಸಂಜೆ ಹಳದಿ ಬಲ್ಬು ಹಾಕಿದಾಗ ತಾವರೆಯ ನೀಲಿ ಛಾಯೆ ಅಳಿಸಿಯೇ ಹೋಯಿತು. ಆ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಆಗ ತಾವರೆಯೂ ಪೇರಳೆಯೂ ಅಕ್ಕತಂಗಿಯರಂತೆ ಕಂಡವು. ಬಿಳಿ ಎಲ್‌ಇಡಿಗೆ ಮತ್ತೆ ಬೇರೆ ಬೇರೆಯಾದವು.

ಇಷ್ಟೆಲ್ಲ ಪರೀಕ್ಷೆ ನಡೆದದ್ದು ನನ್ನ ಕಣ್ಣಿಗೆ. ಕೋಣೆ ಮಾತ್ರ ಅಮ್ಮನದು.

ಅಮ್ಮನಿಗೆ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿ ಮೂರು ವಾರಗಳಾಗಿದ್ದವು. ಎಡಗಣ್ಣಿನದು ಇನ್ನೂ ಬಾಕಿಯಿತ್ತು. ಚೌಕಗಳು ಒಣಗಿದ ದಿನ ಬೆಳಿಗ್ಗೆ ಕೇಳಿದಾಗ ಆಕೆ, “ಎರಡೂ ಒಂದೇ ಅಲ್ಲವೋ ಮಗಾ?” ಎಂದಳು. ಅರ್ಧ ಗಂಟೆಯ ಬಳಿಕ ಮತ್ತೆ ಬಂದು, “ಅಲ್ಲ, ಬೇರೆ ಬೇರೆಯೇ. ಇದರಲ್ಲಿ ನೀಲಿ ಉಂಟು” ಎಂದಳು. ಮಧ್ಯಾಹ್ನ ಊಟದ ಮೇಲೆ ಪುನಃ, “ನನಗೆ ಒಂದೇ ಹಾಗೆ ಕಾಣುತ್ತದೆ” ಎಂದಳು. ಮರುದಿನವೂ ಇದೇ ಆಯಿತು. ಅತ್ತ ಪೇಂಟರ್ ಉತ್ತರಕ್ಕಾಗಿ ಕಾದಿದ್ದರು; ದೀಪಾವಳಿ ಹತ್ತಿರವಾಗುತ್ತಿತ್ತು; ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ನನ್ನ ತಾಳ್ಮೆ ತಪ್ಪಿತು. “ಅಮ್ಮಾ, ನಿನಗೆ ಈಗ ಬಣ್ಣವೆಲ್ಲ ಗೊತ್ತಾಗುವುದಿಲ್ಲ. ನಾನೇ ನೋಡಿ ಹೇಳುತ್ತೇನೆ, ಬಿಡು” ಎಂದುಬಿಟ್ಟೆ.

ಅಮ್ಮ, “ಹಾಗೇ ಮಾಡು” ಎಂದಳು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಕೈಯಲ್ಲಿದ್ದ ಕಾರ್ಡನ್ನು ಮಡಚಿ ಮೇಜಿನ ಮೇಲಿಟ್ಟು ಒಳಗೆ ಹೋದಳು.

ನಾನು ಪೇಂಟರಿಗೆ ಪೇರಳೆಯ ಸಂಖ್ಯೆಯನ್ನು ತಿಳಿಸಿದೆ. ಹಳೆಯ ಗೋಡೆಗೆ ಅದೇ ಹೆಚ್ಚು ಹತ್ತಿರ, ಅಪ್ಪನ ಕಾಲದ ಬಣ್ಣವೂ ಹಾಗೆಯೇ ಇದ್ದಿರಬೇಕು ಎಂಬುದು ನನ್ನ ತರ್ಕ. ನಾಲ್ಕು ಲೀಟರು ಸಾಕೆಂದು ಲೆಕ್ಕವೂ ಆಯಿತು. ಒಮ್ಮೆ ಯಂತ್ರದಲ್ಲಿ ಬೆರೆಸಿದ ಬಣ್ಣವನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ. ಪುಣ್ಯಕ್ಕೆ ಪೇಂಟರ್ ಗೋಡೆಗೆ ಅಂಗೈಯಿಟ್ಟು ನೋಡಿ, ಮಳೆಗೆ ಕುಡಿದ ನೀರು ಇನ್ನೂ ಆರಿಲ್ಲ, ಒದ್ದೆ ಗೋಡೆಗೆ ಬಳಿದರೆ ಬಣ್ಣ ಹೊಪ್ಪಳೆಯೇಳುತ್ತದೆ, ಒಂದು ವಾರ ಬಿಡೋಣ ಎಂದರು. ಹಾಗಾಗಿ ಬಣ್ಣ ಬೆರೆಸುವುದನ್ನೂ ಮುಂದೂಡಿದೆವು.

ಆ ವಾರದಲ್ಲಿಯೇ ಅಮ್ಮನನ್ನು ಮರುತಪಾಸಣೆಗೆ ಕರೆದೊಯ್ಯಬೇಕಾಗಿತ್ತು. ಎಲ್ಲ ಮುಗಿದ ಮೇಲೆ ಅಮ್ಮನೇ ವೈದ್ಯರನ್ನು ಕೇಳಿದಳು: “ಡಾಕ್ಟ್ರೇ, ನನಗೆ ಒಂದು ಕಣ್ಣಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು ಬಣ್ಣ ಕಾಣುತ್ತದೆ. ತಲೆ ಕೆಟ್ಟಿತೋ ಏನೋ!” ವೈದ್ಯರು ನಗಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ನೇರಳೆಯ ಬೆಳಕನ್ನು ತಡೆಯುತ್ತದೆ. ಅದು ನಿಧಾನವಾಗಿ ಆಗುವುದರಿಂದ ಯಾರಿಗೂ ತಿಳಿಯುವುದಿಲ್ಲ. ಒಂದು ಕಣ್ಣಿನ ಮಸೂರವನ್ನು ತೆಗೆದು ಹೊಸದನ್ನು ಇಟ್ಟ ಮೇಲೆ ಆ ಕಣ್ಣಿಗೆ ನೀಲಿ ಮರಳಿ ಬರುತ್ತದೆ, ಇನ್ನೊಂದು ಕಣ್ಣು ಹಳೆಯ ಹಳದಿಯಲ್ಲಿಯೇ ಉಳಿಯುತ್ತದೆ ಎಂದು ವಿವರಿಸಿದರು. “ನೀವು ಹೇಳುವುದು ಸರಿಯಾಗಿಯೇ ಇದೆ ಅಮ್ಮ” ಎಂದರು.

ಆ ಮಾತನ್ನು ಕೇಳುತ್ತ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಗೆ ಹೀಗೆಯೇ ಆಗಿತ್ತೆಂಬುದನ್ನು ನಾನು ಓದಿದ್ದೆ. 1923ರಲ್ಲಿ ಬಲಗಣ್ಣಿನ ಪೊರೆಯನ್ನು ತೆಗೆಸಿಕೊಂಡ ಆತ, ಬಣ್ಣಗಳು ಒಂದು ಕಣ್ಣಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆಯಾಗಿ ಕಾಣುವ ಸಂಕಟದಲ್ಲಿಯೇ ತನ್ನ ಕೊಳದ ನೈದಿಲೆಗಳನ್ನು ಚಿತ್ರಿಸುತ್ತಿದ್ದ. ಮಹಾಕಲಾವಿದನ ಜೀವನದಲ್ಲಿ ಓದಿದಾಗ ಮೆಚ್ಚಿ ಅಡಿಗೆರೆ ಎಳೆದ ಸಂಗತಿಯನ್ನು, ನನ್ನ ತಾಯಿ ಎದುರಿಗೆ ನಿಂತು ಹೇಳಿದಾಗ ಮರೆವೆಂದು ತಳ್ಳಿಹಾಕಿದ್ದೆ. ನಿಜಕ್ಕೂ ಆಕೆ ಆ ಎರಡು ದಿನ ಒಮ್ಮೆ ಈ ಕಣ್ಣು ಮುಚ್ಚಿ, ಒಮ್ಮೆ ಆ ಕಣ್ಣು ಮುಚ್ಚಿ ಗೋಡೆಯನ್ನು ನೋಡುತ್ತಿದ್ದಳು; ಕಂಡದ್ದನ್ನು ಕಂಡಂತೆ ಬಂದು ಹೇಳುತ್ತಿದ್ದಳು. ನನ್ನ ಮೂರು ಹೊತ್ತಿನ ಪರೀಕ್ಷೆಗಿಂತ ಅದು ಹೆಚ್ಚು ಪ್ರಾಮಾಣಿಕವಾದುದಾಗಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ, “ಅಂದು ಹಾಗೆ ಹೇಳಬಾರದಿತ್ತು ಅಮ್ಮಾ” ಎಂದೆ. “ಯಾವುದು?” ಎಂದಳು. ಮರೆತಿದ್ದಳೋ ಮರೆತಂತೆ ಮಾಡಿದಳೋ ತಿಳಿಯಲಿಲ್ಲ.

ಮುಂದಿನ ವಾರ ಗೋಡೆ ಉಜ್ಜುವುದಕ್ಕಾಗಿ ಕೋಣೆಯನ್ನು ತೆರವು ಮಾಡಿದೆವು. ಹಲಸಿನ ಮರದ ದೊಡ್ಡ ಕಪಾಟು ಒಂದು ಆ ಕೋಣೆಯಲ್ಲಿತ್ತು. ಅದನ್ನು ಅಲ್ಲಿಟ್ಟದ್ದು ನಾನು ಹುಟ್ಟಿದ ವರ್ಷ, 1971ರಲ್ಲಿ. ಅಲ್ಲಿಂದೀಚೆಗೆ ಮೂರೋ ನಾಲ್ಕೋ ಸಲ ಬಣ್ಣ ಬಳಿದಾಗಲೂ ಅದರ ಭಾರಕ್ಕೆ ಹೆದರಿ ಸುತ್ತಲೂ ಬಳಿದು ಮುಗಿಸಿದ್ದರು. ಈ ಸಲ ನಾಲ್ವರು ಸೇರಿ ಸರಿಸಿದೆವು. ಹಿಂದೆ ಆಳೆತ್ತರದ ಒಂದು ಗೋಡೆಯ ತುಂಡು, ಬಿಸಿಲು ತಾಗದೆ, ಹೊಗೆ ತಾಗದೆ, ಬೇರೊಂದು ಬಣ್ಣ ಮೇಲೇರದೆ ಹಾಗೆಯೇ ಉಳಿದಿತ್ತು. ಜೇಡರ ಬಲೆಯನ್ನು ಒರೆಸಿದಾಗ ಅಪ್ಪನ ಕೈಯ ಬಣ್ಣ ಹೊರಬಂತು. ಚಿಪ್ಪಿನ ಸುಣ್ಣಕ್ಕೆ ಕಾವಿ ಬೆರೆಸಿ, ತೆಂಗಿನ ನಾರಿನ ಕುಂಚದಿಂದ ಬಳಿದ ಗೆರೆಗಳು ಕೂಡ ಕಾಣುತ್ತಿದ್ದವು. ಹಿಡಿದು ನೋಡಿದರೆ ಕಾರ್ಡಿನ ಪೇರಳೆಗೆ ಹೆಚ್ಚುಕಡಿಮೆ ಸರಿಹೋಯಿತು.

“ನೋಡು ಅಮ್ಮಾ, ಅಪ್ಪನದೂ ಪೇರಳೆಯೇ” ಎಂದೆ. ಹೇಳುವಾಗ ನನ್ನ ಧ್ವನಿಯಲ್ಲಿ ಗೆದ್ದವನ ಸಂತೋಷವಿತ್ತು.

ಅಮ್ಮ ಗೋಡೆಯ ಹತ್ತಿರ ಹೋಗಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬಹಳ ಹೊತ್ತು ನೋಡಿದಳು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತು ಒಂದು ಕಥೆ ಹೇಳಿದಳು. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಾನು ಕೇಳದ ಕಥೆ.

ಮದುವೆ ನಿಶ್ಚಯವಾದ ಮೇಲೆ ಅಪ್ಪನ ಅಕ್ಕ ಅಮ್ಮನ ತವರಿಗೆ ಹೋಗಿದ್ದಳಂತೆ. ಮಾತಿನ ನಡುವೆ ನಿನಗೆ ಯಾವ ಬಣ್ಣ ಇಷ್ಟವೆಂದು ಕೇಳಿದಳಂತೆ. ತವರಿನ ಕೆರೆಯಲ್ಲಿ ಆಗ ತಾವರೆ ಅರಳಿದ್ದಿತು; ಅಮ್ಮ ಅದನ್ನೇ ತೋರಿಸಿದಳು. ಆ ಸುದ್ದಿ ಅಪ್ಪನಿಗೆ ತಲುಪಿತು. ಆ ಕಾಲಕ್ಕೆ ನಮ್ಮೂರಿನಲ್ಲಿ ಗೋಡೆಯ ಬಣ್ಣವೆಂದರೆ ಸುಣ್ಣ, ಸುಣ್ಣಕ್ಕೆ ಹಾಕುವ ನೀಲಿ, ಇಲ್ಲವೇ ಕಾವಿ. ಅಪ್ಪ ಹಂಡೆಯಲ್ಲಿ ಸುಣ್ಣ ಕದಡಿ, ಕಾವಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ, ಗೋಡೆಯ ಮೂಲೆಯಲ್ಲಿ ಬಳಿದು ಒಣಗಿಸಿ ನೋಡುತ್ತ, ಮದುವೆಯ ಮುಂಚಿನ ಒಂದು ವಾರವನ್ನೆಲ್ಲ ಅದರಲ್ಲಿಯೇ ಕಳೆದರಂತೆ. ಆದರೆ ಕಾವಿ ಮಣ್ಣಿನ ಬಣ್ಣ, ಕಬ್ಬಿಣದ ಕಿಲುಬಿನ ಬಂಧು. ಅದಕ್ಕೆ ಎಷ್ಟು ಬಿಳಿ ಬೆರೆಸಿದರೂ ಅದು ಹಳದಿಯ ಕಡೆಗೇ ವಾಲುತ್ತದೆ. ತಾವರೆಯ ನೀಲಿ ಛಾಯೆ ಅದರಲ್ಲಿ ಹುಟ್ಟುವುದಿಲ್ಲ.

“ನಾನು ಬಂದ ದಿನ ಇವರು ಬಾಗಿಲಲ್ಲಿ ನಿಂತು, ತಾವರೆಯ ಹಾಗೆ ಬಂತಾ ಎಂದು ಕೇಳಿದರು. ಇದು ಪೇರಳೆಯ ಹಾಗೆ ಎಂದು ನನಗೆ ಕಂಡಿತು. ಆದರೆ ಅಷ್ಟು ಕಷ್ಟಪಟ್ಟವರಿಗೆ ಹಾಗೆ ಹೇಳುವುದುಂಟೋ? ಹೌದು, ತಾವರೆಯ ಹಾಗೆಯೇ ಬಂದಿದೆ ಎಂದೆ” ಎಂದು ಅಮ್ಮ ನಕ್ಕಳು. “ಆಮೇಲೆ ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು, ತಾವರೆ ಬಣ್ಣ ಎಂದು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪೇಂಟರ್ ಕೂಡ ಉಜ್ಜುವ ಕಾಗದವನ್ನು ಕೆಳಗಿಟ್ಟು ಕೇಳುತ್ತಿದ್ದರು. ಎಷ್ಟು ಕನ್ನಡ ಅವರಿಗೆ ತಿಳಿಯಿತೋ ಅರಿಯೆ.

“ಹಾಗಾದರೆ ಯಾವುದು ಬಳಿಸೋಣ?” ಎಂದು ಕೇಳಿದೆ. ಈ ಸಲ ನಿಜವಾಗಿ ಕೇಳಿದೆ. ಅಪ್ಪನ ಬಣ್ಣವನ್ನು ಉಳಿಸಿಕೊಳ್ಳಬೇಕೆಂದರೆ ಪೇರಳೆ. ಅಪ್ಪ ಬಯಸಿದ್ದನ್ನು ನೆರವೇರಿಸಬೇಕೆಂದರೆ ತಾವರೆ. ಎರಡಕ್ಕೂ ನ್ಯಾಯವಿತ್ತು. ಅಮ್ಮ ಯೋಚಿಸಿ, “ಇನ್ನೊಂದು ಕಣ್ಣೂ ಆಗಲಿ. ಎರಡೂ ಕಣ್ಣಿನಿಂದ ನೋಡಿ ಹೇಳುತ್ತೇನೆ” ಎಂದಳು.

ಕಾದೆವು. ದೀಪಾವಳಿ ಬಂತು, ಹೋಯಿತು. ಅರ್ಧ ಉಜ್ಜಿದ ಗೋಡೆ, ನಾಲ್ಕು ಚೌಕಗಳು, ನಡುವೆ ತಂದಿಟ್ಟ ಕಪಾಟು. ಬಂದ ನೆಂಟರೆಲ್ಲ ಇದೇನು ಅವಸ್ಥೆ ಎಂದು ಕೇಳಿದರು. ಪೇಂಟರ್ ಬೇರೊಂದು ಮನೆಯ ಕೆಲಸಕ್ಕೆ ಹೋದರು, ಆದರೆ ದೀಪಾವಳಿ ಕಳೆದ ಮೇಲೆ ಎರಡು ಸಲ ಫೋನು ಮಾಡಿ, “ಅಮ್ಮನಿಗೆ ಕಣ್ಣು ಹೇಗಿದೆ ಮಾಷೇ?” ಎಂದು ವಿಚಾರಿಸಿದರು. ಎಡಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಹನಿಮದ್ದಿನ ದಿನಗಳು ಮುಗಿದವು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅಮ್ಮ ಬಡಗು ಕೋಣೆಯಿಂದಲೇ ಕೂಗಿ ಕರೆದಳು.

“ತಾವರೆಯೇ ಆಗಲಿ ಮಗಾ. ಇವರಿಗೆ ಆಗಬೇಕು ಎಂದಿದ್ದದ್ದು ಅದೇ ಅಲ್ಲವೋ. ಆಗ ಆ ಬಣ್ಣ ಸಿಗಲಿಲ್ಲ, ಈಗ ಸಿಗುತ್ತದೆ.” ಒಂದು ಕ್ಷಣ ಸುಮ್ಮನಿದ್ದು, “ನನಗೂ ಅದೇ ಇಷ್ಟ” ಎಂದು ಸೇರಿಸಿದಳು. ಆ ಕೊನೆಯ ಮಾತನ್ನು ಹೇಳಲು ಆಕೆಗೆ ಇಷ್ಟು ವರ್ಷಗಳು ಬೇಕಾದವೆಂದು ನಾನು ಗ್ರಹಿಸಿದೆ.

ಬಣ್ಣ ಬಳಿದಾಯಿತು. ಕಪಾಟನ್ನು ಹಿಂದಿನ ಜಾಗಕ್ಕೇ ಸರಿಸಬೇಕೆಂದು ಅಮ್ಮ ಹೇಳಿದಳು. ಅದರ ಹಿಂದಿನ ಗೋಡೆಯನ್ನು ಮುಟ್ಟಬಾರದೆಂದೂ ಹೇಳಿದಳು. ಪೇಂಟರ್ ಆ ತುಂಡಿನ ಸುತ್ತ ಟೇಪು ಅಂಟಿಸಿ, ಅಂಚನ್ನು ನೇರವಾಗಿ ಬಿಟ್ಟುಕೊಟ್ಟರು. ಈಗ ಅದು ಯಾರಿಗೂ ಕಾಣುವುದಿಲ್ಲ. ಸಂಜೆ ಹಳದಿ ಬಲ್ಬು ಹಾಕಿದಾಗ ಹೊಸ ಬಣ್ಣದ ನೀಲಿ ಛಾಯೆ ಮರೆಯಾಗಿ ಕೋಣೆಯೆಲ್ಲ ಪೇರಳೆಯಂತೆ ಕಾಣುತ್ತದೆ. ಬಿಳಿ ದೀಪ ಹಾಕಿಸಲೇ ಎಂದು ಕೇಳಿದೆ. ಬೇಡ, ಹಗಲಿಗೆ ಅದು, ರಾತ್ರಿಗೆ ಇದು ಇರಲಿ ಎಂದಳು.

ವಿದ್ಯಾರ್ಥಿಗಳಾದ ನಿಮಗೆ ಇದನ್ನೇಕೆ ಹೇಳಿದೆನೆಂದರೆ, ಪದಗಳ ಸೂಕ್ಷ್ಮವನ್ನು ಕಲಿಸುವ ವೃತ್ತಿಯಲ್ಲಿ ನಾನು ಇಪ್ಪತ್ತೆಂಟು ವರ್ಷಗಳನ್ನು ಕಳೆದಿದ್ದೇನೆ. ಪಾಟಲಕ್ಕೂ ನಸುಗೆಂಪಿಗೂ ಇರುವ ಅಂತರವನ್ನು ಉದಾಹರಣೆ ಸಹಿತ ಹೇಳಬಲ್ಲೆ. ಆದರೂ ‘ಎರಡೂ ಒಂದೇ’, ‘ಎರಡೂ ಬೇರೆ’ ಎಂಬ ಎರಡು ಸರಳ ವಾಕ್ಯಗಳನ್ನು ನನ್ನ ತಾಯಿ ಹೇಳಿದಾಗ ಎರಡೂ ನಿಜವಾಗಿರಬಹುದೆಂದು ನನಗೆ ತೋರಲಿಲ್ಲ. ನಿಮ್ಮ ಮನೆಗಳಲ್ಲಿಯೂ ಹಿರಿಯರು ಹೀಗೆ ಒಂದನ್ನೊಂದು ಅಲ್ಲಗಳೆಯುವ ಮಾತುಗಳನ್ನು ಆಡುತ್ತಿರಬಹುದು. ತಿದ್ದುವ ಮೊದಲು, ಯಾವ ಕಣ್ಣಿನಿಂದ ನೋಡಿ ಹೇಳುತ್ತಿದ್ದಾರೆಂದು ಒಮ್ಮೆ ಕೇಳಿ ನೋಡಿ.